ಮಧ್ಯಮ ಗಾತ್ರದ ಎಸ್‌ಯುವಿ: ಕೊಳ್ಳುವ ಮುಂಚೆ, ಕೊಂಡ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ, ಹೈರೈಡರ್, ಎಲಿವೇಟ್, ಕುಶಾಕ್, ಟೈಗುನ್. ಇವುಗಳಲ್ಲಿ ಯಾವುದು ತಗೊಳ್ಳೋದು ಅನ್ನುವ ಚರ್ಚೆ ನಡೆಯದ ಮನೆ ಈಗ ಕಡಿಮೆ. ಒಂದು ಹೆಸರು ಹೇಳಿಬಿಡುವುದು ಸುಲಭ. ಆದರೆ ನೀವು ದಿನಾ ಓಡಾಡುವ ದಾರಿ, ನಿಮ್ಮ ಮನೆ ಗೇಟು, ಗಾಡಿಯಲ್ಲಿ ಕೂರುವ ಜನ ಇವನ್ನು ನೋಡದೆ ಹೇಳಿದ ಹೆಸರಿನಿಂದ ಉಪಯೋಗವಿಲ್ಲ. ಹದಿನೈದು ಇಪ್ಪತ್ತು ಲಕ್ಷದ ಮಾತು ಇದು. ಸಮಾಧಾನವಾಗಿ ಓದಿ.

ಇವನ್ನು ಕಾರಿನ ಮೇಲೆ ಕಟ್ಟಿದ ಎಸ್‌ಯುವಿ ಅಂತಾರಲ್ಲ, ಹಾಗಂದ್ರೆ ಏನು?

ಬೊಲೆರೋ, ಸ್ಕಾರ್ಪಿಯೋ, ಥಾರ್, ಫಾರ್ಚುನರ್ ಗಾಡಿಗಳಲ್ಲಿ ಕೆಳಗೆ ಲಾರಿಗೆ ಇರುವಂಥ ಉಕ್ಕಿನ ಚಾಸಿ ಇರುತ್ತದೆ. ಎಂಜಿನ್, ಚಕ್ರ ಎಲ್ಲ ಅದಕ್ಕೆ ಜೋಡಿಸಿರುತ್ತಾರೆ. ಬಾಡಿಯನ್ನು ಅದರ ಮೇಲೆ ಕೂರಿಸಿ ಬೋಲ್ಟ್ ಹಾಕುತ್ತಾರೆ. ಇದು ಲ್ಯಾಡರ್ ಫ್ರೇಮ್. ಕ್ರೆಟಾ, ಎಲಿವೇಟ್ ಥರದ ಗಾಡಿಗಳಿಗೆ ಬೇರೆ ಚಾಸಿ ಇಲ್ಲ. ನೆಲ, ಕಂಬ, ಮೇಲ್ಛಾವಣಿ ಎಲ್ಲ ಸೇರಿ ಒಂದೇ ಮೈ. ಇದು ಮಾನೊಕಾಕ್. ಸಾಮಾನ್ಯ ಕಾರುಗಳೂ ಹೀಗೇ ತಯಾರಾಗುತ್ತವೆ.

ಎಷ್ಟೋ ಸಲ ಇವು ಕಾರಿನ ಸ್ವಂತ ಅಣ್ಣತಮ್ಮಂದಿರೇ. ಹೋಂಡಾ ಎಲಿವೇಟ್‌ನಲ್ಲಿರುವ 1.5 ಲೀಟರ್ 121 ಪಿಎಸ್ (ಅಶ್ವಶಕ್ತಿ) ಎಂಜಿನ್ ಹೋಂಡಾ ಸಿಟಿ ಕಾರಿನದ್ದೇ. 2012ರಲ್ಲಿ ಬಂದು ಈ ಹುಚ್ಚು ಹಿಡಿಸಿದ ರೆನೋ ಡಸ್ಟರ್ ಕೂಡ ಲೋಗನ್ ಕಾರಿನ ತಳಹದಿ ಮೇಲೆ ಎದ್ದದ್ದು. 2015ರಲ್ಲಿ ಕ್ರೆಟಾ ಬಂದಮೇಲಂತೂ ಹಿಂದೆ ತಿರುಗಿ ನೋಡಿದ್ದಿಲ್ಲ.

ನಮ್ಮ ಬಿಡದಿಯಲ್ಲಿ ತಯಾರಾಗುವ ಇನೋವಾಗಳನ್ನೇ ನೋಡಿ. ಕ್ರಿಸ್ಟಾ ಲ್ಯಾಡರ್ ಫ್ರೇಮ್, ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ. ಹೈಕ್ರಾಸ್ ಮಾನೊಕಾಕ್, ಶಕ್ತಿ ಮುಂದಿನ ಚಕ್ರಕ್ಕೆ. ಹೆಸರು ಒಂದೇ, ಹುಟ್ಟು ಬೇರೆ. ಎರಡನ್ನೂ ಒಂದೇ ದಿನ ಓಡಿಸಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ತಿರುವಿನಲ್ಲಿ ಮೈ ಎಷ್ಟು ವಾಲುತ್ತದೆ, ಹಿಂದಿನ ಸೀಟಿನಲ್ಲಿ ಕೂತವರು ಎಷ್ಟು ಕುಲುಕುತ್ತಾರೆ ಅನ್ನುವುದರಲ್ಲೇ ಉತ್ತರ ಸಿಗುತ್ತದೆ.

ಹಾಗಾದ್ರೆ ಇದು ಗಟ್ಟಿ ಗಾಡಿ ಅಲ್ವಾ? ನಮ್ಮ ತೋಟಕ್ಕೆ ಹೋಗಬೇಕು.

ಗಟ್ಟಿಯೇ. ಆದರೆ ಯಾವ ಕೆಲಸಕ್ಕೆ ಅನ್ನುವುದು ಮುಖ್ಯ. ಡಾಂಬರು, ಸಿಮೆಂಟ್ ರಸ್ತೆ, ಗುಂಡಿ ಬಿದ್ದ ಜಿಲ್ಲಾ ರಸ್ತೆ, ಮಣ್ಣಿನ ಹಳ್ಳಿ ದಾರಿ ಇಷ್ಟಕ್ಕೆ ಏನೂ ತೊಂದರೆ ಇಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಒಳದಾರಿ ಮಳೆಗಾಲದಲ್ಲಿ ಬೇರೆಯೇ ಆಗಿಬಿಡುತ್ತದೆ. ಕೆಂಪು ಜೇಡಿಮಣ್ಣು, ಏರು, ನಡುವೆ ಜೀಪಿನ ಚಕ್ರ ಕೊರೆದ ಆಳವಾದ ಜಾಡು. ಅಲ್ಲಿ ಮುಂದಿನ ಎರಡು ಚಕ್ರ ಮಾತ್ರ ತಿರುಗುವ ಗಾಡಿ ನಿಂತಲ್ಲೇ ಜಾರುತ್ತದೆ. ತಳವೂ ಉಜ್ಜುತ್ತದೆ.

ಈ ಗಾತ್ರದಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆ ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್‌ನ ಕೆಲವು ಮಾದರಿಗಳಲ್ಲಿದೆ. ಜಾರು ನೆಲದಲ್ಲಿ ಅದು ಒಳ್ಳೆಯ ನೆರವು. ಆದರೂ ಥಾರ್‌ಗೆ ಇರುವ, ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರ್ ಇದಕ್ಕಿಲ್ಲ. ವರ್ಷವಿಡೀ ಗೊಬ್ಬರದ ಮೂಟೆ ಹೊತ್ತು ತೋಟದೊಳಗೆ ಓಡಾಡಬೇಕು ಅಂದರೆ ಬೊಲೆರೋ ಅಥವಾ ಪಿಕಪ್ ನೋಡಿ. ತೋಟದ ಮನೆವರೆಗೆ ರಸ್ತೆ ಇದೆ, ವಾರಕ್ಕೊಮ್ಮೆ ಹೋಗ್ತೀವಿ ಅಂದರೆ ಈ ಗಾಡಿ ಸಾಕು.

ಸೆಡಾನ್ ಇದೇ ದುಡ್ಡಿಗೆ ಇನ್ನೂ ಚೆನ್ನಾಗಿರೋದು ಬರುತ್ತಲ್ಲ?

ಬರುತ್ತದೆ. ಹೆದ್ದಾರಿಯಲ್ಲಿ ಸೆಡಾನ್ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ಮೈಲೇಜೂ ತುಸು ಜಾಸ್ತಿ. ಓಡಿಸುವ ಖುಷಿಯೇ ಮುಖ್ಯ ಅಂದರೆ ಸೆಡಾನ್ ಬಿಡಬೇಡಿ.

ಈ ಎಸ್‌ಯುವಿಗಳ ನಿಜವಾದ ಲಾಭ ಸೀಟಿನ ಎತ್ತರದಲ್ಲಿದೆ. ಮಂಡಿನೋವು ಇರುವ ಅಮ್ಮ ಸೆಡಾನ್‌ನಲ್ಲಿ ಕೂರಬೇಕಾದರೆ ಕೆಳಕ್ಕೆ ಕುಸಿಯಬೇಕು, ಏಳಬೇಕಾದರೆ ಯಾರಾದರೂ ಕೈ ಹಿಡಿಯಬೇಕು. ಇಲ್ಲಿ ಸೀಟು ಸೊಂಟದ ಮಟ್ಟಕ್ಕೆ ಸಿಗುತ್ತದೆ. ಹಿಂದಕ್ಕೆ ಕೂತು ಕಾಲು ಒಳಗೆಳೆದುಕೊಂಡರೆ ಮುಗಿಯಿತು. ಲ್ಯಾಡರ್ ಫ್ರೇಮ್ ಗಾಡಿಗಳಾದರೋ ಹತ್ತುವುದಕ್ಕೇ ಮೆಟ್ಟಿಲು ಬೇಕು. ವಯಸ್ಸಾದವರಿರುವ ಮನೆಗೆ ಈ ನಡುವಿನ ಎತ್ತರವೇ ಸರಿ. ಶೋರೂಮಿಗೆ ಅವರನ್ನೂ ಕರೆದುಕೊಂಡು ಹೋಗಿ. ಹತ್ತಿ ಇಳಿಯಲಿ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ನಮ್ಮದು 20-30 ಸೈಟಿನ ಮನೆ. ಗಾಡಿ ಹಿಡಿಯುತ್ತಾ?

ಟೇಪು ಹಿಡಿದು ಅಳೆಯಿರಿ. ಕ್ರೆಟಾ ಉದ್ದ 4,330 ಮಿ.ಮೀ., ಅಂದರೆ ಹದಿನಾಲ್ಕು ಅಡಿಗೆ ಸ್ವಲ್ಪ ಮೇಲೆ. ಅಗಲ 1,790 ಮಿ.ಮೀ., ಸುಮಾರು ಆರಡಿ. ಆದರೆ ಈ ಅಗಲದಲ್ಲಿ ಪಕ್ಕದ ಕನ್ನಡಿಗಳ ಲೆಕ್ಕ ಇರುವುದಿಲ್ಲ. ಗೇಟು ಎಂಟಡಿ ಇದ್ದರೆ ನೆಮ್ಮದಿ. ಡಿಕ್ಕಿ ಬಾಗಿಲು ಮೇಲಕ್ಕೆ, ಹಿಂದಕ್ಕೆ ತೆರೆಯುತ್ತದೆ, ಅದಕ್ಕೂ ಜಾಗ ಬಿಡಿ. ಮೋರಿ ಮೇಲಿನ ರ‍್ಯಾಂಪ್ ಕಡಿದಾಗಿದ್ದರೆ ಟೆಸ್ಟ್ ಡ್ರೈವ್ ಗಾಡಿಯನ್ನು ಮನೆಗೇ ತರಿಸಿ ಒಮ್ಮೆ ಹತ್ತಿಸಿ ನೋಡಿ.

ನಾಲ್ಕು ಮೀಟರ್ ಒಳಗಿನ ನೆಕ್ಸಾನ್, ಬ್ರೆಝಾ, ವೆನ್ಯೂ ಸಾಕಾಗಲ್ವಾ?

ನಾಲ್ಕು ಜನರ ಮನೆಗೆ, ಊರೊಳಗಿನ ಓಡಾಟಕ್ಕೆ ಬಹಳ ಸಲ ಸಾಕು. ತೆರಿಗೆಯಲ್ಲಿ ದೊಡ್ಡ ವ್ಯತ್ಯಾಸವೇ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಗಾಡಿಗೆ, ಪೆಟ್ರೋಲ್ ಎಂಜಿನ್ 1,200 ಸಿಸಿ ಅಥವಾ ಡೀಸೆಲ್ ಎಂಜಿನ್ 1,500 ಸಿಸಿ ಒಳಗಿದ್ದರೆ, ಜಿಎಸ್‌ಟಿ ಶೇ. 18. ಈ ಮಿತಿ ದಾಟಿದ ಗಾಡಿಗಳಿಗೆ ಶೇ. 40. ಮಧ್ಯಮ ಗಾತ್ರದವಕ್ಕೆ ಮುಂಚೆ ಸೆಸ್ ಸೇರಿ ಶೇ. 45 ಇತ್ತು, ಹಾಗಾಗಿ ಇಲ್ಲೂ ಇಳಿದಿದೆ. ಆದರೆ ಚಿಕ್ಕದಕ್ಕೆ ಇಳಿದಷ್ಟು ಇಳಿದಿಲ್ಲ.

ಹಿಂದೆ ಮೂರು ಜನ ದೊಡ್ಡವರು ದೂರ ಹೋಗುವುದು ಆಗಾಗ ಇದ್ದರೆ, ಡಿಕ್ಕಿಯಲ್ಲಿ ನಾಲ್ಕು ಬ್ಯಾಗ್ ಇಡಬೇಕಾದರೆ, ಮಧ್ಯಮ ಗಾತ್ರಕ್ಕೆ ಬನ್ನಿ. ಅಕ್ಕಪಕ್ಕದವರು ತಗೊಂಡಿದ್ದಾರೆ ಅನ್ನುವ ಕಾರಣಕ್ಕೆ ಸುಮ್ನೆ ಐದಾರು ಲಕ್ಷ ಮೇಲೆ ಹಾಕಬೇಡಿ.

ಬೆಂಗಳೂರಿನಲ್ಲಿ ಆನ್-ರೋಡ್ ಬೆಲೆ ಯಾಕೆ ಇಷ್ಟು ಜಾಸ್ತಿ?

ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ದೇಶದಲ್ಲೇ ಮೇಲಿನ ಸಾಲಿನಲ್ಲಿದೆ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಶೇ. 17, ಇಪ್ಪತ್ತು ಲಕ್ಷ ದಾಟಿದರೆ ಶೇ. 18. ಆ ತೆರಿಗೆ ಮೇಲೆ ಮತ್ತೆ ಶೇ. 11 ಸೆಸ್.

ಎಕ್ಸ್-ಶೋರೂಮ್ 15 ಲಕ್ಷದ ಗಾಡಿ ಹಿಡಿಯಿರಿ. ತೆರಿಗೆ 2,55,000. ಅದರ ಮೇಲಿನ ಸೆಸ್ 28,050. ಇಲ್ಲಿಗೇ 2,83,050 ಆಯಿತು. ಹತ್ತು ಲಕ್ಷ ದಾಟಿದ ಗಾಡಿಗೆ ಶೇ. 1 ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ), ಅಂದರೆ 15,000. ಇದು ನಿಮ್ಮ ಪ್ಯಾನ್ ಹೆಸರಿಗೆ ಜಮಾ ಆಗುತ್ತದೆ, ಐಟಿ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತಗೊಳ್ಳಿ. ಬಹಳ ಜನ ಮರೆತೇಬಿಡುತ್ತಾರೆ. ಆಮೇಲೆ ಇನ್ಶೂರೆನ್ಸ್, ನೋಂದಣಿ, ಫಾಸ್ಟ್ಯಾಗ್.

ಕೊಟೇಶನ್‌ನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್ ಚಾರ್ಜ್ ಎಂದೆಲ್ಲ ಬರೆದಿದ್ದರೆ ಯಾಕೆ ಎಂದು ಕೇಳಿ, ತೆಗೆಸಿ. ಮೂರು ನಾಲ್ಕು ಸಾವಿರದ ಮ್ಯಾಟ್, ಮಡ್‌ಫ್ಲ್ಯಾಪ್ ಸೇರಿಸಿ ಇಪ್ಪತ್ತೈದು ಸಾವಿರದ ಅಕ್ಸೆಸರಿ ಪ್ಯಾಕ್ ಕಡ್ಡಾಯ ಅಂದರೂ ಒಪ್ಪಬೇಡಿ. ಇನ್ಶೂರೆನ್ಸನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವೂ ಇಲ್ಲ. ಹೊರಗಿನ ಎರಡು ಕೊಟೇಶನ್ ಮುಂದಿಟ್ಟರೆ ಅವರೇ ಇಳಿಸುತ್ತಾರೆ.

ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದರೆ ಎರಡು ಲಕ್ಷ ಉಳಿಯುತ್ತಂತೆ?

ಬೇಡ. ಹೊರರಾಜ್ಯದ ಗಾಡಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲೇ ಇದ್ದರೆ ಇಲ್ಲಿನ ತೆರಿಗೆ ಕಟ್ಟಲೇಬೇಕು. ಆರ್‌ಟಿಒದವರು ಹಿಡಿದರೆ ದಂಡದ ಜತೆ ಅಲೆದಾಟ. ಅಲ್ಲಿನ ಸುಳ್ಳು ವಿಳಾಸ ಕೊಟ್ಟಿದ್ದರೆ ಅದೇ ಬೇರೆ ಕೇಸು.

ಪೆಟ್ರೋಲಾ, ಡೀಸೆಲ್ಲಾ, ಹೈಬ್ರಿಡ್ಡಾ?

ಮೊದಲು ಡೀಸೆಲ್. ಈ ಗುಂಪಿನಲ್ಲಿ ಕ್ರೆಟಾ, ಸೆಲ್ಟೋಸ್ ಎರಡರಲ್ಲೂ 1.5 ಲೀಟರ್ 116 ಪಿಎಸ್ ಡೀಸೆಲ್ ಇದೆ. ಘಟ್ಟ ಹತ್ತುವಾಗ, ಐದು ಜನ ತುಂಬಿಕೊಂಡು ಓವರ್‌ಟೇಕ್ ಮಾಡುವಾಗ ಡೀಸೆಲ್ ಎಳೆತದ ಸುಖವೇ ಬೇರೆ. ಆದರೆ ಲೆಕ್ಕ ಹಾಕಿ. ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಅದರ ಮೇಲಿನ ತೆರಿಗೆ ಸೇರಿದರೆ 1,78,000. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಮೈಲೇಜ್ 14 ಎಂದು ಹಿಡಿಯಿರಿ. ಡೀಸೆಲ್ 91 ರೂಪಾಯಿ, ಮೈಲೇಜ್ 18. ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 30 ಪೈಸೆ. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಸುಮಾರು 77 ಸಾವಿರ ಕಿ.ಮೀ. ಓಡಿಸಬೇಕು. ವರ್ಷಕ್ಕೆ ಎಂಟು ಹತ್ತು ಸಾವಿರ ಓಡಿಸುವವರಿಗೆ ಇದು ಗಿಟ್ಟುವುದಿಲ್ಲ. ಹುಬ್ಬಳ್ಳಿ–ಬೆಂಗಳೂರು ನಡುವೆ ತಿಂಗಳಿಗೆ ನಾಲ್ಕು ಸಲ ಓಡಾಡುವವರು ಕಣ್ಣುಮುಚ್ಚಿ ತಗೊಳ್ಳಬಹುದು.

ಡೀಸೆಲ್‌ಗೆ ಇನ್ನೊಂದು ಮಾತು ಇದೆ, ಶೋರೂಮಿನಲ್ಲಿ ಹೇಳುವುದಿಲ್ಲ. ಬಿಎಸ್6 (ಹೊಗೆ ಮಿತಿಯ ಈಗಿನ ನಿಯಮ) ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಮಸಿಯನ್ನು ಹಿಡಿದಿಟ್ಟುಕೊಂಡು, ಬಿಸಿ ಏರಿದಾಗ ಸುಟ್ಟು ಹಾಕುವುದು ಅದರ ಕೆಲಸ. ಜಯನಗರದಿಂದ ಬಸವನಗುಡಿಗೆ ಮಾತ್ರ ಓಡಿಸುತ್ತಿದ್ದರೆ ಆ ಬಿಸಿ ಏರುವುದೇ ಇಲ್ಲ. ಮಸಿ ತುಂಬಿ ದೀಪ ಹತ್ತಿಕೊಳ್ಳುತ್ತದೆ. ಆಗ ನೈಸ್ ರಸ್ತೆಗೋ ತುಮಕೂರು ಹೆದ್ದಾರಿಗೋ ಹೋಗಿ ಅರವತ್ತರ ಮೇಲಿನ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಓಡಿಸಬೇಕು. ದೀಪ ಕಂಡೂ ಬಿಟ್ಟರೆ ಖರ್ಚು ದೊಡ್ಡದು. ಹಾಗಾಗಿ ಊರೊಳಗೇ ಓಡಿಸುವವರಿಗೆ ಡೀಸೆಲ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹೈಬ್ರಿಡ್ ಅಂದಾಗ ಎರಡು ಬಗೆ ಇದೆ, ಇಲ್ಲೇ ಬಹಳ ಜನ ಎಡವುತ್ತಾರೆ. ಮೈಲ್ಡ್ ಹೈಬ್ರಿಡ್ ಅಥವಾ ಸ್ಮಾರ್ಟ್ ಹೈಬ್ರಿಡ್ ಅನ್ನುವುದರಲ್ಲಿ ಮೋಟರ್ ಎಂಜಿನ್‌ಗೆ ಸ್ವಲ್ಪ ಕೈಜೋಡಿಸುತ್ತದೆ ಅಷ್ಟೇ, ಗಾಡಿಯನ್ನು ತಾನೇ ಎಳೆಯುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ನಿಧಾನಕ್ಕೆ ಹೋಗುವಾಗ ಎಂಜಿನ್ ಪೂರ್ತಿ ನಿಂತು ಮೋಟರೇ ಎಳೆಯುತ್ತದೆ. ಬ್ರೇಕ್ ಒತ್ತಿದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಪ್ಲಗ್ ಹಾಕುವ ಕೆಲಸವಿಲ್ಲ. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾದಲ್ಲಿ ಇದು ಸಿಗುತ್ತದೆ. ಕಂಪನಿ ಹೇಳುವ ಮೈಲೇಜ್ 27.97. ಊರೊಳಗೆ ನಿಜಕ್ಕೂ ಇಪ್ಪತ್ತರ ಆಸುಪಾಸು ಬರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಉಳಿದ ಪೆಟ್ರೋಲ್ ಗಾಡಿಗಳು ಹತ್ತಕ್ಕೆ ಇಳಿಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ಆದರೆ ಬ್ಯಾಟರಿ ಹಿಂದೆ ಕೂತು ಡಿಕ್ಕಿ ಜಾಗ ತಿನ್ನುತ್ತದೆ. ಏರ್‌ಪೋರ್ಟಿಗೆ ಎರಡು ದೊಡ್ಡ ಸೂಟ್‌ಕೇಸ್ ಒಯ್ಯುವವರು ಸೂಟ್‌ಕೇಸನ್ನೇ ಶೋರೂಮಿಗೆ ತಗೊಂಡು ಹೋಗಿ ಇಟ್ಟು ನೋಡಿ.

ಇವೆರಡೂ ಬೇಡ ಅಂದರೆ ಸಾಮಾನ್ಯ 1.5 ಪೆಟ್ರೋಲ್. ತಲೆನೋವು ಕಡಿಮೆ, ಸರ್ವೀಸ್ ಅಗ್ಗ. ಟರ್ಬೊ ಪೆಟ್ರೋಲ್ ಚುರುಕು, ಆದರೆ ಕಾಲು ಭಾರವಾದರೆ ಮೈಲೇಜ್ ಒಂದಂಕಿಗೆ ಬರುತ್ತದೆ.

ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಿದರೆ ಎಂಜಿನ್ ಹಾಳಾಗುತ್ತಾ?

2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ಪೈಪು, ಸೀಲುಗಳನ್ನು ಇ20ಗೆ ತಕ್ಕಂತೆ ಮಾಡಿದ್ದಾರೆ, ಹೆದರಬೇಕಿಲ್ಲ. ಮೈಲೇಜ್ ಮಾತ್ರ ಸ್ವಲ್ಪ ಇಳಿಯುತ್ತದೆ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಅದು ಶೇ. 20ರಷ್ಟು ಸೇರಿದರೆ ಲೀಟರಿನ ಒಟ್ಟು ಶಕ್ತಿಯಲ್ಲಿ ಶೇ. 6–7 ಕಡಿಮೆ. ಹಳೆಯ ಗಾಡಿ ಇರುವವರು ಓನರ್ಸ್ ಮ್ಯಾನುಯಲ್ ಮತ್ತು ಟ್ಯಾಂಕ್ ಮುಚ್ಚಳದ ಸ್ಟಿಕರ್ ನೋಡಿ.

ಆಟೊಮ್ಯಾಟಿಕ್ ತಗೊಂಡರೆ ಯಾವ ಬಗೆ?

ಸಿವಿಟಿ, ಟಾರ್ಕ್ ಕನ್ವರ್ಟರ್, ಡಿಸಿಟಿ, ಈ ಮೂರು ನಿಮಗೆ ಸಿಗುತ್ತವೆ.

ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿ, ಒಂದು ಬೆಲ್ಟ್. ಗೇರ್ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಟ್ರಾಫಿಕ್ಕಿಗೆ ಬಹಳ ಮೆತ್ತಗೆ. ಒಮ್ಮೆಲೇ ಆಕ್ಸಿಲರೇಟರ್ ತುಳಿದರೆ ಎಂಜಿನ್ ಕೂಗುತ್ತದೆ, ವೇಗ ನಿಧಾನಕ್ಕೆ ಏರುತ್ತದೆ. ಎಲಿವೇಟ್‌ನಲ್ಲಿ ಇದೇ ಇರುವುದು.

ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವುದು, ಹಳೆಯದು, ನಂಬಿಕಸ್ಥ. ಕ್ರೆಟಾ ಡೀಸೆಲ್ ಆಟೊಮ್ಯಾಟಿಕ್‌ನಲ್ಲಿ ಇದು ಇದೆ. ನನ್ನನ್ನು ಕೇಳಿದರೆ ಬೆಂಗಳೂರಿನ ಟ್ರಾಫಿಕ್ಕು, ಮಲೆನಾಡಿನ ಘಟ್ಟ ಎರಡಕ್ಕೂ ಒಗ್ಗುವುದು ಇದೇ.

ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್, ಹೆದ್ದಾರಿಯಲ್ಲಿ ಮಿಂಚಿನಂಥದ್ದು. ಆದರೆ ಈ ಗಾತ್ರದ ಗಾಡಿಗಳಲ್ಲಿ ಬರುವ ಏಳು ಗೇರಿನ ಡಿಸಿಟಿಗಳ ಕ್ಲಚ್ ಸಾಮಾನ್ಯವಾಗಿ ಡ್ರೈ ಕ್ಲಚ್, ತಂಪು ಮಾಡಲು ಎಣ್ಣೆ ಇರುವುದಿಲ್ಲ. ಇಂಚಿಂಚು ಜರುಗುವ ಟ್ರಾಫಿಕ್ಕಿನಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತದೆ. ಅದನ್ನೇ ತಗೊಂಡಿದ್ದರೆ ಎರಡು ರೂಢಿ ಮಾಡಿಕೊಳ್ಳಿ. ಮುಂದಿನ ಗಾಡಿ ಒಂದಿಷ್ಟು ದೂರ ಹೋಗುವ ತನಕ ಬ್ರೇಕ್ ಒತ್ತಿ ನಿಂತು, ಆಮೇಲೆ ಒಂದೇ ಸಲ ಮುಂದೆ ಹೋಗಿ. ಫ್ಲೈಓವರ್ ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಬೇಡಿ. ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂದರೆ ಪಕ್ಕಕ್ಕೆ ಹಾಕಿ, ಪಾರ್ಕ್‌ನಲ್ಲಿಟ್ಟು ಆರಲು ಬಿಡಿ.

ಘಟ್ಟ ಇಳಿಯುವಾಗ ಬ್ರೇಕ್ ವಾಸನೆ ಬರುತ್ತೆ. ಗಾಡಿಯ ದೋಷವಾ?

ಅಲ್ಲ, ಇಳಿಸುವ ಕ್ರಮ ಬದಲಾಯಿಸಬೇಕು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವು, ಚಾರ್ಮಾಡಿ, ಶಿರಾಡಿ, ಎಲ್ಲಿ ಇಳಿದರೂ ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು. ಮ್ಯಾನುಯಲ್ ಆದರೆ ಎರಡನೇ ಗೇರ್. ಆಟೊಮ್ಯಾಟಿಕ್‌ನಲ್ಲಿ ಡಿ ಬಿಟ್ಟು ಮ್ಯಾನುಯಲ್ ಮೋಡ್ ಅಥವಾ ಎಲ್. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬಿ ಇರುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಒತ್ತಿ, ಬಿಡಿ. ನ್ಯೂಟ್ರಲ್ಲಿಗೆ ಹಾಕಿ ಪೆಟ್ರೋಲ್ ಉಳಿಸುತ್ತೇನೆ ಅನ್ನುವವರ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್‌ಗೆ ಇಂಧನವೇ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಹೋಗುತ್ತಲೇ ಇರುತ್ತದೆ.

ಗ್ರೌಂಡ್ ಕ್ಲಿಯರೆನ್ಸ್ ಎಷ್ಟಿರಬೇಕು?

ಎಲಿವೇಟ್ 220 ಮಿ.ಮೀ., ಗ್ರ್ಯಾಂಡ್ ವಿಟಾರಾ 210, ಕ್ರೆಟಾ 190, ಕುಶಾಕ್ 188. ಇವು ಖಾಲಿ ಗಾಡಿಯ ಅಳತೆ. ಐದು ಜನ, ಸಾಮಾನು ಸೇರಿದರೆ ಹಿಂಭಾಗ ಕೆಳಗಿಳಿಯುತ್ತದೆ. ನಿಯಮದ ಪ್ರಕಾರ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗಿದ್ದರೆ ಸಣ್ಣ ಕಾರೂ ಸಲೀಸಾಗಿ ದಾಟುತ್ತದೆ. ಆದರೆ ಊರೂರಿನಲ್ಲಿ ರಾತ್ರೋರಾತ್ರಿ ಹಾಕುವ ಅವೈಜ್ಞಾನಿಕ ಹಂಪ್‌ಗಳಿಗೆ ಅಳತೆ ಎಲ್ಲಿಯದು? 190 ಇದ್ದರೆ ಮುಕ್ಕಾಲುಪಾಲು ಕಡೆ ಸಾಕು. ಹಂಪ್ ಮೇಲೆ ಹೋಗುವಾಗ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದೇ ಹತ್ತಿದರೆ ಗಾಡಿಯ ಮೂಗು ಕೆಳಗಿಳಿದು ತಳ ತಾಗುತ್ತದೆ.

ಗಾಡಿ ಎಷ್ಟು ಸೇಫು ಅಂತ ಹೇಗೆ ತಿಳಿಯೋದು?

ಬಾನೆಟ್ ತಟ್ಟಿ ನೋಡಿ ಅಲ್ಲ. ತಗಡಿನ ದಪ್ಪಕ್ಕೂ ಒಳಗಿನ ಕಂಬಗಳ ಬಲಕ್ಕೂ ಸಂಬಂಧವಿಲ್ಲ. ಬಾನೆಟ್ ನಜ್ಜುಗುಜ್ಜಾಗಿ ಹೊಡೆತ ನುಂಗಬೇಕು, ಕೂತವರ ಗೂಡು ಹಾಗೇ ನಿಲ್ಲಬೇಕು.

ಕ್ರ್ಯಾಶ್ ಟೆಸ್ಟ್ ಫಲಿತಾಂಶ ನೋಡಿ. 2022ರಲ್ಲಿ ಕುಶಾಕ್ ಮತ್ತು ಟೈಗುನ್ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರಿಗೂ ಮಕ್ಕಳಿಗೂ ಐದೈದು ಸ್ಟಾರ್ ಪಡೆದವು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ. ಮುಂದಿನಿಂದ 64 ಕಿ.ಮೀ. ವೇಗದಲ್ಲಿ, ಪಕ್ಕದಿಂದ 50ರಲ್ಲಿ ಗುದ್ದಿಸಿ ನೋಡುತ್ತಾರೆ. ಫಲಿತಾಂಶ ಓದುವಾಗ ಗುದ್ದಿಸಿದ್ದು ಯಾವ ವರ್ಷದ, ಯಾವ ತಲೆಮಾರಿನ ಗಾಡಿ ಅನ್ನುವುದನ್ನು ಗಮನಿಸಿ. ಹೆಸರು ಅದೇ ಇದ್ದರೂ ಒಳಮೈ ಬದಲಾಗಿರುತ್ತದೆ.

ಇನ್ನು ಹಿಂದಿನ ಸೀಟಿನ ಬೆಲ್ಟ್. ಆರು ಏರ್‌ಬ್ಯಾಗ್ ಇದೆ ಎಂದು ಹೆಮ್ಮೆಯಿಂದ ಹೇಳುತ್ತೇವೆ, ಹಿಂದೆ ಕೂತ ಅಜ್ಜಿಗೆ ಬೆಲ್ಟ್ ಹಾಕಿಸುವುದಿಲ್ಲ. ಬೆಲ್ಟ್ ಇಲ್ಲದೆ ಹಿಂದೆ ಕೂತವರು ಗುದ್ದಿದ ಕ್ಷಣ ಮುಂದಿನ ಸೀಟಿಗೆ ಬಂದು ಅಪ್ಪಳಿಸುತ್ತಾರೆ, ಮುಂದಿನವರಿಗೂ ಪೆಟ್ಟು. ಮಗುವಿಗೆ ಐಸೊಫಿಕ್ಸ್ ಸೀಟ್ (ಗಾಡಿಯ ಮೈಗೆ ಕೊಂಡಿಯಿಂದ ಕಚ್ಚಿಕೊಳ್ಳುವ ಮಕ್ಕಳ ಸೀಟು) ಹಾಕಿಸಿ. ಮಡಿಲಲ್ಲಿ ಕೂರಿಸಿಕೊಂಡ ಮಗುವನ್ನು ಆ ವೇಗದಲ್ಲಿ ಯಾರ ಕೈಯೂ ಹಿಡಿದಿಡಲಾರದು.

ಅಡಾಸ್ (ಕ್ಯಾಮೆರಾ, ರಡಾರ್ ಬಳಸಿ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಬೇಕಾ?

ಬೆಂಗಳೂರು–ಮೈಸೂರು ಹೆದ್ದಾರಿಯಂಥ ಗೆರೆ ಎಳೆದ ರಸ್ತೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಮುಂದಿನ ಗಾಡಿ ಒಮ್ಮೆಲೇ ನಿಂತಾಗ ತಾನೇ ಬ್ರೇಕ್ ಹಾಕುವುದು ಜೀವ ಉಳಿಸಬಹುದು. ಪೇಟೆಯೊಳಗೆ ಆಟೊ, ಬೈಕ್ ಅಡ್ಡ ನುಗ್ಗಿದಾಗಲೆಲ್ಲ ಕಿರುಚುತ್ತದೆ, ಕೆಲವೊಮ್ಮೆ ಹಿಂದಿನವರು ಊಹಿಸದ ಹಾಗೆ ಬ್ರೇಕ್ ಹಿಡಿಯುತ್ತದೆ. ಬಜೆಟ್ಟಿನಲ್ಲಿ ಸಿಕ್ಕರೆ ತಗೊಳ್ಳಿ. ಅದಕ್ಕೋಸ್ಕರವೇ ಎರಡು ಮೆಟ್ಟಿಲು ಮೇಲಿನ ವೇರಿಯಂಟಿಗೆ ಹಾರಬೇಡಿ.

ಟಾಪ್ ವೇರಿಯಂಟ್ ತಗೊಳ್ಳೋದಾ? ಮಕ್ಕಳು ಸನ್‌ರೂಫ್ ಕೇಳ್ತಿದಾರೆ.

ಮಧ್ಯದ ವೇರಿಯಂಟ್ ತಗೊಂಡು ಉಳಿದ ದುಡ್ಡನ್ನು ಸಾಲದಲ್ಲಿ ಕಡಿಮೆ ಮಾಡಿಕೊಳ್ಳಿ ಅನ್ನುತ್ತೇನೆ. ಆರು ಏರ್‌ಬ್ಯಾಗ್, ಇಎಸ್‌ಸಿ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ), ಹಿಂದಿನ ಎಸಿ ವೆಂಟ್, ರಿವರ್ಸ್ ಕ್ಯಾಮೆರಾ ಇದ್ದರೆ ಮುಖ್ಯವಾದದ್ದೆಲ್ಲ ಬಂತು.

ಸನ್‌ರೂಫ್ ಬೇಕೇ ಬೇಕು ಅಂದರೆ ಒಂದು ವಿಷಯ ತಿಳಿದಿರಲಿ. ಅದರ ಅಂಚಿನಲ್ಲಿ ಸಣ್ಣ ಕಾಲುವೆ ಇರುತ್ತದೆ, ನಾಲ್ಕು ಮೂಲೆಯಲ್ಲಿ ನೀರು ಇಳಿಯುವ ತೂತು, ಅಲ್ಲಿಂದ ಕಂಬದೊಳಗೆ ಹಾದು ಕೆಳಕ್ಕೆ ಹೋಗುವ ತೆಳು ಪೈಪು. ಮರದಡಿ ನಿಲ್ಲಿಸಿದರೆ ಎಲೆಚೂರು, ಹೂವಿನ ಧೂಳು ಸೇರಿ ಆ ತೂತು ಕಟ್ಟುತ್ತದೆ. ಆಮೇಲೆ ಮಳೆ ನೀರು ಒಳಗಿಳಿದು ಕಾಲ ಕೆಳಗಿನ ಮ್ಯಾಟ್ ನೆನೆಯುತ್ತದೆ. ಮಳೆಗಾಲಕ್ಕೆ ಮುಂಚೆ ಒದ್ದೆ ಬಟ್ಟೆಯಿಂದ ಕಾಲುವೆ ಒರೆಸಿ, ಒಂದು ಲೋಟ ನೀರು ಮೆಲ್ಲಗೆ ಹುಯ್ದು ಗಾಡಿ ಕೆಳಗೆ ಸುರಿಯುತ್ತದಾ ನೋಡಿ. ಮತ್ತೆ, ಓಡುವ ಗಾಡಿಯ ಸನ್‌ರೂಫ್‌ನಿಂದ ಮಕ್ಕಳನ್ನು ಹೊರಗೆ ನಿಲ್ಲಿಸುವುದು ದಯವಿಟ್ಟು ಬೇಡ. ಒಂದು ಬ್ರೇಕ್ ಸಾಕು.

ಬುಕ್ ಮಾಡಲು ಒಳ್ಳೆ ಸಮಯ ಯಾವುದು?

ಆಷಾಢ. ಜನ ಗಾಡಿ ತಗೊಳ್ಳಲು ಹಿಂಜರಿಯುವ ತಿಂಗಳು, ಶೋರೂಮಿನವರು ಚೌಕಾಸಿಗೆ ಬಗ್ಗುತ್ತಾರೆ. ಆಷಾಢದಲ್ಲಿ ಬುಕ್ ಮಾಡಿ ಶ್ರಾವಣದಲ್ಲಿ ಡೆಲಿವರಿ ತಗೊಳ್ಳುವವರೂ ಇದ್ದಾರೆ. ಡಿಸೆಂಬರಿನಲ್ಲೂ ರಿಯಾಯಿತಿ ಜಾಸ್ತಿ, ಆದರೆ ವಾರ ಕಳೆದರೆ ನಿಮ್ಮದು ಹಿಂದಿನ ವರ್ಷದ ಗಾಡಿ. ಮೂರು ನಾಲ್ಕು ವರ್ಷಕ್ಕೇ ಮಾರುವವರಿಗೆ ಅದು ನಷ್ಟ. ಆಯುಧಪೂಜೆ ಹೊತ್ತಿಗೆ ನುಗ್ಗಿದರೆ ಚೌಕಾಸಿಗೆ ಜಾಗವೇ ಇಲ್ಲ.

ಡೆಲಿವರಿಗೆ ಮುಂಚೆ ಏನೇನು ನೋಡಬೇಕು?

ಪಿಡಿಐ, ಅಂದರೆ ಡೆಲಿವರಿಗೆ ಮುಂಚಿನ ತಪಾಸಣೆಯನ್ನು, ರಿಜಿಸ್ಟ್ರೇಶನ್‌ಗೆ ಮುಂಚೆಯೇ, ಹಗಲು ಬೆಳಕಿನಲ್ಲಿ ಮಾಡಿ. ನಂಬರ್ ಬಂದಮೇಲೆ ದೋಷ ಕಂಡರೂ ಗಾಡಿ ಬದಲಾಯಿಸುವುದು ಹೆಚ್ಚುಕಡಿಮೆ ಆಗದ ಮಾತು.

ಟೈರಿನಿಂದ ಶುರು ಮಾಡಿ. ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಗೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2325 ಎಂದಿದ್ದರೆ 2025ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಸ್ಟೆಪ್ನಿ ಸೇರಿ ಐದೂ ಟೈರಿನ ಅಂಕಿ ಹತ್ತಿರ ಹತ್ತಿರ ಇರಬೇಕು. ಒಂದೇ ಟೈರ್ ತೀರಾ ಬೇರೆ ಆಗಿದ್ದರೆ ಯಾಕೆ ಎಂದು ಕೇಳಿ. ಓಡೋಮೀಟರ್ ಐವತ್ತು ಕಿ.ಮೀ. ದಾಟಿರಬಾರದು. ಬಂಪರ್ ಮತ್ತು ಫೆಂಡರ್ ನಡುವಿನ ಸಂದು ಎರಡೂ ಕಡೆ ಸಮ ಇದೆಯಾ, ಬಾಗಿಲಿನ ಒಳ ಅಂಚಿನ ಬಣ್ಣ ಹೊರಗಿನದಕ್ಕೆ ಹೊಂದುತ್ತದಾ ನೋಡಿ. ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿ. ಚಾಸಿ ನಂಬರನ್ನು ಇನ್‌ವಾಯ್ಸ್ ಜತೆ ಅಂಕಿ ಅಂಕಿ ತಾಳೆ ಹಾಕಿ. ಹೂವಿನ ಹಾರ, ಕೇಕು, ಫೋಟೊ ಎಲ್ಲ ಆಮೇಲೆ.

ಇನ್ಶೂರೆನ್ಸ್‌ನಲ್ಲಿ ಯಾವ ಆಡ್-ಆನ್ ಬೇಕು?

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಸ್ವಂತ ಹಾನಿಯದನ್ನು ವರ್ಷ ವರ್ಷ ಮಾಡಿಸಬಹುದು. ಮೊದಲ ಐದು ವರ್ಷ ಝೀರೊ ಡೆಪ್ (ಬಿಡಿಭಾಗ ಹಳತಾಯಿತೆಂದು ಕ್ಲೇಮಿನಲ್ಲಿ ಹಣ ಕಡಿಯದ ಆಡ್-ಆನ್) ಇರಲಿ. ಬೆಂಗಳೂರಿನಲ್ಲಿರುವವರು ಎಂಜಿನ್ ಪ್ರೊಟೆಕ್ಟ್ ಬಿಡಬೇಡಿ. ನೀರು ಹೊಕ್ಕು ಎಂಜಿನ್ ಹೋದರೆ ಸಾಮಾನ್ಯ ಪಾಲಿಸಿ ಕೈಕೊಡುತ್ತದೆ.

ಎತ್ತರದ ಗಾಡಿ ತಾನೇ, ನಿಂತ ನೀರಿನಲ್ಲಿ ಹೋಗಬಹುದಲ್ವಾ?

ಈ ಧೈರ್ಯವೇ ಬಹಳ ಗಾಡಿಗಳನ್ನು ಕೊಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಮುಳುಗಿದಾಗ ಎತ್ತರದ ಗಾಡಿಗಳೂ ನಿಂತುಹೋದವು. ಎಂಜಿನ್ ಉಸಿರೆಳೆಯುವ ಬಾಯಿ ಈ ಗಾಡಿಗಳಲ್ಲಿ ಬಾನೆಟ್ ಮುಂಭಾಗದಲ್ಲೇ, ಗ್ರಿಲ್ ಹಿಂದೆ ಇರುತ್ತದೆ. ಎದುರಿನಿಂದ ಬಸ್ ಬಂದು ಅಲೆ ಎಬ್ಬಿಸಿದರೆ ನೀರು ಅಲ್ಲಿಗೆ ತಲುಪುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾಗದು. ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ.

ಚಕ್ರದ ಅರ್ಧಕ್ಕಿಂತ ಮೇಲೆ ನೀರಿದ್ದರೆ ತಿರುಗಿಸಿ ಹೋಗಿ. ನೀರಿನಲ್ಲಿ ಗಾಡಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಬಟನ್ ಒತ್ತಲೇಬೇಡಿ. ಹಾಳಾಗುವುದು ಆ ಎರಡನೇ ಸಲದಲ್ಲೇ. ಇಳಿದು ಸುರಕ್ಷಿತ ಜಾಗಕ್ಕೆ ಹೋಗಿ, ಫೋಟೊ ತೆಗೆದು, ಟೋ ಮಾಡಿಸಿ.

ಬಾನೆಟ್ ಒಳಗೆ ಇಲಿ ಕಾಟ. ಏನು ಮಾಡೋದು?

ಸಂಜೆ ನಿಲ್ಲಿಸಿದ ಗಾಡಿಯ ಎಂಜಿನ್ ಬೆಚ್ಚಗಿರುತ್ತದೆ, ಇಲಿ ಬಂದು ಸೇರಿಕೊಳ್ಳುತ್ತದೆ. ಇವತ್ತಿನ ಗಾಡಿಯಲ್ಲಿ ವೈರು ಜಾಸ್ತಿ, ಒಂದು ಕಡಿದರೂ ಡ್ಯಾಶ್‌ಬೋರ್ಡ್ ತುಂಬ ದೀಪ. ಹೊಗೆಸೊಪ್ಪನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿ ಪಕ್ಕ ಇಡುವುದು ನಮ್ಮ ಕಡೆ ರೂಢಿ, ವಾಸನೆ ಇರುವ ತನಕ ಕೆಲಸ ಮಾಡುತ್ತದೆ. ಬಿಸಿ ಭಾಗಗಳಿಗೆ ತಾಗದಂತೆ ಇಡಿ, ಹದಿನೈದು ದಿನಕ್ಕೆ ಬದಲಾಯಿಸಿ. ಗಾಡಿಯೊಳಗೆ ಚಕ್ಕುಲಿ ಚೂರು, ಬಿಸ್ಕತ್ ಪುಡಿ ಉಳಿಯದ ಹಾಗೆ ನೋಡಿಕೊಳ್ಳಿ. ಎರಡು ಮೂರು ದಿನ ಓಡಿಸದೇ ಇದ್ದರೆ ಬಾನೆಟ್ ತೆರೆದು ಒಮ್ಮೆ ಕಣ್ಣಾಡಿಸಿ.

ಸೆಕೆಂಡ್ ಹ್ಯಾಂಡ್ ತಗೊಂಡರೆ?

ಮೂರು ನಾಲ್ಕು ವರ್ಷದ ಗಾಡಿ ಒಳ್ಳೆಯ ವ್ಯವಹಾರ. ಜೀವಿತಾವಧಿ ತೆರಿಗೆ ಹೊರೆಯನ್ನು ಮೊದಲಿನವರೇ ಹೊತ್ತಿರುತ್ತಾರೆ. ಕೆಎ ನಂಬರಿನದ್ದೇ ನೋಡಿ.

ನೀರಿಗೆ ಬಿದ್ದ ಗಾಡಿಯನ್ನು ಒರೆಸಿ ಮಾರುವುದು ಇದೆ. ಹಿಡಿಯುವುದು ಹೀಗೆ: ಸೀಟ್‌ಬೆಲ್ಟನ್ನು ಪೂರ್ತಿ ಕೊನೆ ತನಕ ಎಳೆಯಿರಿ. ಸುರುಳಿಯೊಳಗಿನ ಭಾಗವನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಮಣ್ಣಿನ ಬಣ್ಣದ ಗೆರೆಯೋ ಮುಗ್ಗಲು ವಾಸನೆಯೋ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಸ್ಟೆಪ್ನಿ ಗುಂಡಿಯ ತಳ, ಸೀಟಿನ ಕೆಳಗಿನ ಹಳಿಯ ತುಕ್ಕು ಕೂಡ ನೋಡಿ. ಆಮೇಲೆ ಸರ್ವೀಸ್ ದಾಖಲೆ, ಬಾಕಿ ಟ್ರಾಫಿಕ್ ದಂಡ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಎನ್‌ಒಸಿ (ಸಾಲ ತೀರಿದೆ ಎಂಬ ಪತ್ರ) ಮತ್ತು ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಹಾಕಿಸಿ, ಹೆಸರು ಬದಲಾವಣೆಯನ್ನು ನೀವೇ ಮುಂದೆ ನಿಂತು ಮಾಡಿಸಿಕೊಳ್ಳಿ.